ಝಹ್ರಾ ಕೊಟ್ಟ ಏಳು ಹೆಸರು

ಮೆಲ್ಬರ್ನ್ ಹೊರವಲಯದ ವೆರಿಬೀಯ ವೃದ್ಧರ ಆರೈಕೆ ಕೇಂದ್ರದಲ್ಲಿ ನೀಲಾಂಬಿಕಾ ಮತ್ತು ಝಹ್ರಾ ನಾಲ್ಕು ವರ್ಷದಿಂದ ಒಂದೇ ಶಿಫ್ಟಿನ ನರ್ಸ್‌ಗಳು. ಝಹ್ರಾ ಬಹ್ರೇನಿನವಳು. 2011ರಲ್ಲಿ ಅಲ್ಲಿ ಜನ ದೊರೆಯ ವಿರುದ್ಧ ಬೀದಿಗಿಳಿದಾಗ ಗಾಯಾಳುಗಳಿಗೆ ಬ್ಯಾಂಡೇಜ್ ಕಟ್ಟಿದ್ದಕ್ಕೆ ಐದು ತಿಂಗಳು ಜೈಲಿನಲ್ಲಿದ್ದಳು. ಆ ಮಾತು ಬಂದರೆ ಇಷ್ಟೇ ಹೇಳಿ ಮುಗಿಸುತ್ತಿದ್ದಳು: "ಲಿಬಿಯಾದವರು ಎದ್ದಾಗ ಅಮೆರಿಕ ವಿಮಾನ ಕಳಿಸಿತು. ನಮ್ಮಲ್ಲಿ ಅವರದೇ ನೌಕಾನೆಲೆ ಇತ್ತು. ಅದಕ್ಕೇ ನಮ್ಮ ಕೂಗು ಅವರಿಗೆ ಕೇಳಿಸಲಿಲ್ಲ."

ನೀಲಾಂಬಿಕಾಳ ತಮ್ಮ ಗುರು ನಾರ್ತ್ ಸಿಡ್ನಿಯ ಕನ್ಸಲ್ಟೆನ್ಸಿಯೊಂದರಲ್ಲಿದ್ದ. ಒಂದು ಭಾನುವಾರ ಫೋನ್ ಮಾಡಿದ.

"ಅಕ್ಕ, ನಿನ್ನ ಬಹ್ರೇನ್ ಫ್ರೆಂಡ್ ಒಂದು ಇಂಟರ್‌ವ್ಯೂ ಕೊಡ್ತಾರಾ? ನಮ್ಮ ಕ್ಲೈಂಟ್ ಅಮೆರಿಕದ ಒಂದು ರಿಸರ್ಚ್ ಸಂಸ್ಥೆ. ಅರಬ್ ದಂಗೆಗಳ ವಿಷಯದಲ್ಲಿ ಅಮೆರಿಕ ಎಲ್ಲಿ ತಪ್ಪಿತು ಅಂತ ರಿಪೋರ್ಟ್ ಮಾಡ್ತಿದ್ದಾರೆ."

ಕೊನೆಗೂ ಯಾರೋ ಕೇಳುತ್ತಿದ್ದಾರಲ್ಲ ಎಂದು ನೀಲಾಂಬಿಕಾಗೆ ಖುಷಿಯಾಯಿತು. ಅವಳು ಕೇಳಿದಾಗ ಝಹ್ರಾ ಎರಡು ದಿನ ಸಮಯ ತೆಗೆದುಕೊಂಡು, ಮೂರನೇ ದಿನ, "ನಿನ್ನ ಮನೆಯಿಂದಾದರೆ ಮಾತಾಡ್ತೀನಿ" ಅಂದಳು.

ಶನಿವಾರ ಬೆಳಿಗ್ಗೆ ಝಹ್ರಾ ಟ್ರುಗನಿನಾ ಬಡಾವಣೆಯ ನೀಲಾಂಬಿಕಾಳ ಮನೆಯಲ್ಲಿ ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಳು. ತೆರೆಯ ಮೇಲೆ ನಯವಾಗಿ ಮಾತಾಡುವ ಅಮೆರಿಕನ್ ಹೆಂಗಸು. ನೀಲಾಂಬಿಕಾ ಪಕ್ಕದಲ್ಲೇ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಮೊದಲ ಹತ್ತು ನಿಮಿಷ ಅಮೆರಿಕದ ಬಗ್ಗೆಯೇ ಪ್ರಶ್ನೆ. ಆಮೇಲೆ ಮಾತು ಬೇರೆ ದಾರಿ ಹಿಡಿಯಿತು. ನಿಮ್ಮ ಜೊತೆ ಆಗ ಯಾರ್ಯಾರಿದ್ದರು? ಈಗ ಮೆಲ್ಬರ್ನ್‌ನಲ್ಲಿ ನಿಮ್ಮವರು ಎಷ್ಟು ಜನ? ಊರಿನವರ ಜೊತೆ ಯಾವ ಆ್ಯಪ್‌ನಲ್ಲಿ ಮಾತಾಡುತ್ತೀರಿ?

ರವೆ ಸೀದ ವಾಸನೆ ಬಂತು. ನೀಲಾಂಬಿಕಾ ಒಲೆ ಆರಿಸಿ ತಿರುಗಿ ನೋಡಿದಳು. ಝಹ್ರಾ ನಿಧಾನವಾಗಿ, ಅಕ್ಷರ ಬಿಡಿಸಿ, ಏಳು ಹೆಸರು ಹೇಳಿದಳು. "ಊರಿನವರ ಜೊತೆ ನಾನು ಮಾತಾಡುವುದಿಲ್ಲ" ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ತಿಂಡಿಗೂ ನಿಲ್ಲಲಿಲ್ಲ.

ಮುಂದಿನ ವಾರ ಅವಳು ಶಿಫ್ಟ್ ಬದಲಿಸಿಕೊಂಡಳು. ಮೆಸೇಜಿಗೆ ಉತ್ತರವಿಲ್ಲ. ನೀಲಾಂಬಿಕಾ ರಜೆ ಹಾಕಿ ಸಿಡ್ನಿಗೆ ಹೋದಳು. ಗುರುವನ್ನು ಆಫೀಸಿನ ಕೆಳಗಿನ ಕೆಫೆಗೆ ಕರೆಸಿದಳು.

"ಕ್ಲೈಂಟ್ ಯಾರೋ?"

"ರಿಸರ್ಚ್ ಸಂಸ್ಥೆ ಅಂದ್ನಲ್ಲಕ್ಕ."

"ಅವರಿಗೆ ಈ ಕೆಲಸ ಕೊಟ್ಟವರು?"

ಗುರು ಕಾಫಿ ಕಪ್ಪು ತಿರುಗಿಸುತ್ತ ಕೂತ. "ಗವರ್ನಮೆಂಟ್ ಇರಬಹುದು. ಇಲ್ಲದೇನೂ ಇರಬಹುದು. ನಾನು ಕೇಳಲೇ ಇಲ್ಲ."

"ಜನ ಕೂಗಿದಾಗ ಕಿವಿ ಮುಚ್ಕೊಂಡವರು ಈಗ ಕೂಗಿದವರ ಹೆಸರು ಬರ್ಕೋತಿದ್ದಾರೆ ಕಣೋ. ಅದೂ ನನ್ನ ಮನೇಲಿ!"

ಗುರುವಿನ ಮುಖ ಇಳಿಯಿತು. ತನ್ನ ಬಳಿಯಿದ್ದ ಆ ಇಂಟರ್‌ವ್ಯೂ ರೆಕಾರ್ಡಿಂಗನ್ನು ಅವಳೆದುರೇ ಡಿಲೀಟ್ ಮಾಡಿದ. ಆ ಪ್ರಾಜೆಕ್ಟ್ ಬಿಡುತ್ತೇನೆ ಅಂದ. ವಾರದೊಳಗೆ ಬಿಟ್ಟ ಕೂಡ. "ಆದ್ರೆ ಅವರ ಹತ್ರ ಕಾಪಿ ಇದ್ದೇ ಇರುತ್ತೆ ಅಕ್ಕ" ಎಂದು ಮೆಲ್ಲಗೆ ಸೇರಿಸಿದ.

ಮೆಲ್ಬರ್ನ್‌ಗೆ ಮರಳಿದವಳು ಮಾರನೇ ಮಧ್ಯಾಹ್ನ ಕೇಂದ್ರದ ಪಾರ್ಕಿಂಗ್‌ನಲ್ಲಿ ಝಹ್ರಾಳಿಗಾಗಿ ಕಾದು ನಿಂತು, ಒಂದೂ ಬಿಡದೆ ಎಲ್ಲ ಹೇಳಿದಳು. ಝಹ್ರಾ ಕಾರಿಗೆ ಒರಗಿ ಕೇಳಿದಳು.

"ಹೆದರಬೇಡ. ಆ ಏಳು ಜನರೂ ಸತ್ತಿದ್ದಾರೆ. ಇನ್ನು ಅವರನ್ನ ಯಾರೂ ಹಿಡಿಯೋಕಾಗಲ್ಲ."

ನೀಲಾಂಬಿಕಾ ದಂಗಾದಳು. "ಅಷ್ಟು ಅನುಮಾನ ಇದ್ದರೆ ಮಾತಾಡೋಕೆ ಯಾಕೆ ಒಪ್ಪಿದೆ?"

"ಅಮೆರಿಕ ಈಗಲಾದರೂ ಏನು ಕೇಳುತ್ತೆ ನೋಡಬೇಕಿತ್ತು. ನೀನು ಯಾರ ಕಡೆಯವಳು ಅಂತಾನೂ ನೋಡಬೇಕಿತ್ತು."

"ಗೊತ್ತಾಯ್ತಾ?"

ಝಹ್ರಾ ಕಾರಿನ ಬಾಗಿಲು ತೆಗೆದಳು. "ಮುಕ್ಕಾಲು ಪಾಲು."

ಮುಂದಿನ ತಿಂಗಳು ಅವಳು ಹಳೆಯ ಶಿಫ್ಟಿಗೆ ಬಂದಳು. ಈಗಲೂ ಇಬ್ಬರೂ ಒಟ್ಟಿಗೇ ಊಟಕ್ಕೆ ಕೂರುತ್ತಾರೆ. ಝಹ್ರಾ ಮಾತ್ರ ತನ್ನ ಫೋನನ್ನು ತೆರೆ ಕಾಣದಂತೆ ಬೋರಲು ಇಡುತ್ತಾಳೆ.