ಕೊಲೆಗಾರನ ತಲೆಯೊಳಗೆ ಇನ್ನೂರು ಪುಟ

"ಇನ್ನೂರು ಪುಟ ಅವನ ತಲೆಯೊಳಗೇ ಕೂತಿದ್ದೆ ಕಣೇ," ಎಂದಳು ಅತ್ತಿಗೆ, ಹಸ್ತಪ್ರತಿಯನ್ನು ಮೇಜಿನ ಮೇಲಿಡುತ್ತ. "ಹಸಿವು ಅಂತಾನೆ, ವಕೀಲರ ಶೂ ಕಿರುಗುಟ್ಟುತ್ತೆ ಅಂತಾನೆ. ಪಾಲುದಾರನನ್ನ ಮೆಟ್ಟಿಲಿಂದ ತಳ್ಳಿದ್ದು ಮಾತ್ರ ಕೊನೇ ಪುಟದವರೆಗೂ ನೆನಪಾಗಲ್ವಾ ಮಹಾರಾಯನಿಗೆ?"

ಬೆರಳಚ್ಚುಗಾರ್ತಿ ಹಸ್ತಪ್ರತಿಯನ್ನು ತನ್ನತ್ತ ಎಳೆದುಕೊಂಡಳು. ಹನ್ನೊಂದು ವರ್ಷದಿಂದ ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆ ಟೈಪು ಮಾಡುತ್ತಿದ್ದವಳು, ಮೂರು ವರ್ಷ ಬೆಳಗಿನ ನಿದ್ದೆ ಬಿಟ್ಟು ಈ ಕಾದಂಬರಿ ಬರೆದಿದ್ದಳು. ಸೋಮವಾರ ಕೊಟ್ಟರೆ ಪ್ರಕಾಶಕರ ಈ ವರ್ಷದ ಪಟ್ಟಿಗೆ ಸೇರುತ್ತದೆ, ಇಲ್ಲದಿದ್ದರೆ ಇಲ್ಲ. ಇವತ್ತು ಶುಕ್ರವಾರ.

"ಅದು ಗುಟ್ಟು ಅತ್ತಿಗೆ. ಮೊದಲೇ ಹೇಳಿದ್ರೆ ಯಾರು ಓದ್ತಾರೆ?"

"ಬೇಕಾದ್ರೆ ಜಡ್ಜ್‌ಗೆ ಗುಟ್ಟು ಮಾಡ್ಲಿ. ನನ್ನ ಒಳಗೆ ಕರೆದು ಕೂರಿಸಿ, ಒಂದು ಕೋಣೆಗೆ ಮಾತ್ರ ಬೀಗ ಹಾಕಿದ್ರೆ ಮೋಸ ಅಲ್ವಾ?"

ಬೆರಳಚ್ಚುಗಾರ್ತಿಗೆ ಸಿಟ್ಟು ಬಂತು. ಮಾತು ಸರಿ ಎಂದೂ ಅನಿಸಿತು. ಅದಕ್ಕೇ ಇನ್ನಷ್ಟು ಸಿಟ್ಟು.

ಶನಿವಾರ ಕತೆಯನ್ನು ವಕೀಲರ ಕಡೆಯಿಂದ ಹೇಳಿನೋಡಿದಳು. ಆರೋಪಿ ಅವರಿಗೆ ಎಲ್ಲವನ್ನೂ ಒಪ್ಪಿಸಿಬಿಟ್ಟಿದ್ದ. ಅಲ್ಲೂ ಅದೇ ಬೀಗ. ನ್ಯಾಯಾಧೀಶರ ಕಡೆಯಿಂದ ಹೇಳಹೋದರೆ, ಅವರು ಕಡತ ಬಿಟ್ಟು ಏನನ್ನೂ ಕಂಡವರಲ್ಲ. ಮೂರನೇ ಪುಟಕ್ಕೆ ಅವಳಿಗೇ ಆಕಳಿಕೆ ಬಂತು. ಭಾನುವಾರ ಮಧ್ಯಾಹ್ನ, ಸಾಕುಸಾಕಾಗಿ, ಕತೆಯಲ್ಲಿನ ಎದುರುಮನೆಯ ದರ್ಜಿಯ ಕಿಟಕಿಯಲ್ಲಿ ಮನಸ್ಸಿನಲ್ಲೇ ನಿಂತಳು. ದರ್ಜಿ ಕಂಡದ್ದು ಚಾಚಿದ ಒಂದು ಕೈ. ಬೀಳುವವನನ್ನು ಹಿಡಿಯಲು ಹೋದ ಕೈ ಎಂದೇ ನಂಬಿ, ನಿಜವೆಂದೇ ಸಾಕ್ಷಿ ಹೇಳಿ, ಕೊಲೆಗಾರನನ್ನು ಬಿಡಿಸಿಬಿಡುತ್ತಾನೆ. ಆಮೇಲೆ ಅನುಮಾನ ಅವನನ್ನು ಕೊರೆಯುತ್ತದೆ.

ಇವನಿಗೆ ಗುಟ್ಟೇ ಗೊತ್ತಿಲ್ಲ, ಬೀಗವೇ ಬೇಡ. ಮರುಕ್ಷಣವೇ ಸೆರೆಮನೆಯ ಅಧ್ಯಾಯ ನೆನಪಾಯಿತು: ಅತ್ತುಕೊಂಡು ಬರೆದ ಇಪ್ಪತ್ತಾರು ಪುಟ. ದರ್ಜಿ ಸೆರೆಮನೆಗೆ ಕಾಲಿಟ್ಟವನೇ ಅಲ್ಲ. ಅಷ್ಟೂ ಹೋಗಬೇಕು.

ಪ್ರಕಾಶಕರಿಗೆ ಫೋನ್ ಮಾಡಿ ಇನ್ನಾರು ತಿಂಗಳು ಕೇಳಿದಳು.

"ಇದ್ದಿದ್ದನ್ನೇ ಕೊಡೀಮ್ಮಾ. ಓದೋರು ಅಷ್ಟೆಲ್ಲ ನೋಡಲ್ಲ."

"ನಮ್ಮ ಅತ್ತಿಗೆ ನೋಡಿದ್ರು ಸರ್."

"ಅವರೊಬ್ಬರಿಗೋಸ್ಕರ ಪಟ್ಟಿಯಿಂದ ತೆಗೀಲಾ?"

"ತೆಗೀರಿ," ಎಂದುಬಿಟ್ಟಳು. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅವರು ಫೋನ್ ಇಟ್ಟಾಗಿತ್ತು.

ಅತ್ತಿಗೆ ಹಣೆ ಚಚ್ಚಿಕೊಂಡಳು. "ಅಯ್ಯೋ ಮಂಕೇ! ನಾನೇನೋ ಬಾಯಿಗೆ ಬಂದದ್ದು ಅಂದೆ. ಈಗಲೇ ಫೋನ್ ಮಾಡಿ ಕೊಡ್ತೀನಿ ಅನ್ನು."

"ಆಗಲ್ಲ. ಎದ್ದು ಆ ಕಿಟಕಿ ಹತ್ರ ನಿಂತ್ಕೊಳ್ಳಿ. ನಾನು ಎದುರುಮನೆ ಮೆಟ್ಟಿಲ ಮೇಲೆ ಕೈ ಚಾಚ್ತೀನಿ. ಕಂಡಿದ್ದಷ್ಟೇ ಹೇಳಿ, ಸ್ವಂತದ್ದು ಸೇರಿಸಬೇಡಿ."

ರಸ್ತೆ ದಾಟಿ, ಆರನೇ ಮೆಟ್ಟಿಲು ಹತ್ತಿ, ಕೈ ಚಾಚಿದಳು.

"ಕೈ ಕಾಣ್ತು," ಕೂಗಿದಳು ಅತ್ತಿಗೆ. "ಮುಖಕ್ಕೆ ಕಂಬ ಅಡ್ಡ. ನೀನು ಅಳ್ತಿದೀಯೋ ನಗ್ತಿದೀಯೋ?"

ಅವಳು ಒಂದು ಮೆಟ್ಟಿಲು ಕೆಳಗಿಳಿದು ಮತ್ತೆ ಕೈ ಚಾಚಿದಳು.