ದಡದಲ್ಲಿ ಕಾದ ತಿಬುರ್ಸಿಯೋ

ನಮ್ಮ ಪಿನಾರ್ ದೆಲ್ ರಿಯೋ ಊರಿನ ಚುಟ್ಟಾ ಕಾರ್ಖಾನೆಯಲ್ಲಿ ಕೈಗೆ ಎಲೆ, ಕಿವಿಗೆ ಕತೆ. ನಾವು ಚುಟ್ಟಾ ಸುತ್ತುತ್ತಿದ್ದರೆ ಎವೆಲಿಯೋ ಮೇಷ್ಟ್ರು ಎತ್ತರದ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಕಾದಂಬರಿ ಓದುತ್ತಾರೆ; ಅವರ ಕೆಲಸವೇ ಅದು. ಮೆಚ್ಚಿಗೆಯಾದರೆ ಎಲೆ ಕತ್ತರಿಸುವ ಚೂರಿಯಿಂದಲೇ ಮೇಜು ಕುಟ್ಟುತ್ತೇವೆ.

ಈ ಸಲದ ಕಾದಂಬರಿಯ ನಾಯಕಿ ಲಿಯೊನೋರ್‌ಗಾಗಿ ಎಲ್ಲರೂ ಅತ್ತೆವು. ನನ್ನ ಪಕ್ಕದ ಮೇಜಿನ ಸೊರೈದಾ ಮಾತ್ರ ಅಂಬಿಗ ತಿಬುರ್ಸಿಯೋನನ್ನು ಹಿಡಿದು ಕೂತಳು. ಅವನಿಗೆ ಸಿಕ್ಕಿದ್ದು ಒಂದೇ ಪುಟ. ಲಿಯೊನೋರ್‌ಳನ್ನು ಹೊಳೆ ದಾಟಿಸುತ್ತಾನೆ. ಅವಳು "ಇಲ್ಲೇ ಇರು, ಬರ್ತೀನಿ" ಎಂದು ಹೋದವಳು ಪ್ರಿಯಕರನ ಕುದುರೆ ಹತ್ತಿ, ದೂರದ ಸೇತುವೆ ದಾಟಿ ಊರು ಸೇರುತ್ತಾಳೆ. ಕತೆ ಬರೆದ ಪುಣ್ಯಾತ್ಮನೂ ಅಂಬಿಗನನ್ನು ಮರೆತ.

"ಮೇಷ್ಟ್ರೇ, ತಿಬುರ್ಸಿಯೋ ಮನೆಗೆ ಹೋದ್ನಾ?" ಸೊರೈದಾಳದು ದಿನಾ ಇದೇ ಪ್ರಶ್ನೆ.

"ಬರೆದಿಲ್ಲಮ್ಮ. ಬರೆದಿದ್ರೆ ಓದ್ತಿರ್ಲಿಲ್ವಾ?"

ನನಗೆ ನಗು. "ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನೇ? ಮನೆಗೆ ಹೋಗಿ ಬಿದ್ಕೊಂಡಿರ್ತಾನೆ ಬಿಡು."

"ಇರು ಅಂದಿದ್ದಾಳೆ ಕಣೇ, ಹೆಂಗೆ ಹೋಗ್ತಾನೆ? ಲಿಯೊನೋರ್‌ಗೆ ಅಳೋಕೆ ನೀವಿಷ್ಟು ಜನ ಇದ್ದೀರಿ. ಅವನಿಗೆ ಯಾರಿದ್ದಾರೆ?" ಎಲೆ ಸವರುತ್ತಾ ಮೆಲ್ಲಗೆ ಸೇರಿಸಿದಳು: "ನಾನು ಸಣ್ಣೋಳಿದ್ದಾಗ ನಮ್ಮಮ್ಮನೂ ಹಂಗೇ ಅಂದು ಬಸ್ ಹತ್ತಿದ್ಲು. ಕತ್ತಲಾದ್ರೂ ನಾನು ಕಟ್ಟೆ ಬಿಟ್ಟು ಏಳ್ಲಿಲ್ಲ. ಬಾ ಮಗಾ ಅನ್ನೋಕೆ ಯಾರೂ ಬರ್ಲಿಲ್ಲ."

ನನ್ನ ನಾಲಿಗೆ ಬಿದ್ದುಹೋಗಲಿ. ಇಷ್ಟು ಕಾಲ ಪಕ್ಕದಲ್ಲೇ ಕೂತು ಹರಟಿದ್ದೇನೆ, ಇದೊಂದು ಗೊತ್ತಿರಲಿಲ್ಲ. ಆಮೇಲೆ ಪುಟ ತಿರುವಿದಾಗೆಲ್ಲ ನಾನೂ ಅಂಬಿಗನ ಹೆಸರಿಗೆ ಕಿವಿಗೊಟ್ಟೆ. ಹಿಂದಿನ ಸಾಲಿನವರೂ ಅವನೆಲ್ಲಿ ಎಂದು ಕೇಳತೊಡಗಿದರು. ಹೆಸರು ಮಾತ್ರ ಬರಲೇ ಇಲ್ಲ.

ಕೊನೆಯ ಅಧ್ಯಾಯದಲ್ಲಿ ಲಿಯೊನೋರ್‌ಗೆ ಮದುವೆ. ಮೇಷ್ಟ್ರು ಊಟದ ಪಂಕ್ತಿಯವರೆಗೆ ಓದಿದ್ದರು, ಸೊರೈದಾ ಕೈಯೆತ್ತಿದಳು.

"ಆ ಸಾಲು ಇನ್ನೊಂದ್ಸಲ ಓದಿ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಓದಿದರು: "ಹೊಳೆಯ ಎರಡೂ ದಡದ ಜನ ಮದುವೆಗೆ ಬಂದರು. ಒಬ್ಬರೂ ದಡದಲ್ಲಿ ಉಳಿಯಲಿಲ್ಲ."

"ಒಬ್ಬರೂ?"

"ಒಬ್ಬರೂ ಅಂತಲೇ ಇದೆ, ತಾಯಿ."

"ಹಂಗಾದ್ರೆ ಅವನೂ ಎದ್ದು ಬಂದ," ಎಂದಳು ಸೊರೈದಾ. "ಯಾರೂ ಹೋಗಿ ಕರೀದಿದ್ರೂ ಬಂದ."

ಕಣ್ಣೊರೆಸಿಕೊಂಡು ಚೂರಿಯಿಂದ ಮೇಜು ಕುಟ್ಟಿದಳು. ನಾನೂ ಕುಟ್ಟಿದೆ. ಹಿಂದಿನ ಸಾಲು ಕುಟ್ಟಿತು, ಬಾಗಿಲವರೆಗಿನ ಮೇಜುಗಳೆಲ್ಲ ಕುಟ್ಟಿದವು. ಮದುಮಗಳು ಲಿಯೊನೋರ್‌ಗೂ ಅಷ್ಟು ಜೋರಾಗಿ ಯಾರೂ ಕುಟ್ಟಿರಲಿಲ್ಲ.