ಒಂದು ಸೈಜು ದೊಡ್ಡದು

ಉಪ್ಸಾಲಾದ ಆ ಉಣ್ಣೆ ಅಂಗಡಿಯವರು ವರ್ಷಕ್ಕೊಮ್ಮೆ ಉಳಿದ ಮಾಲನ್ನೆಲ್ಲ ಮರದ ಪೆಟ್ಟಿಗೆಗಳಿಗೆ ಸುರಿದು ತಿಂಗಳಿಡೀ ಅರ್ಧ ಬೆಲೆಗೆ ಮಾರುತ್ತಾರೆ. ಅರ್ಧ ಬೆಲೆ ಎಂದರೆ ಸೋಲ್ನಾದಿಂದ ರೈಲು ಹತ್ತಿಕೊಂಡು ಹೋಗುವವಳು ನಾನು. ಮದುವೆ ಮನೆಯಲ್ಲಿ ಕೊನೆಯ ಪಂಕ್ತಿಗೆ ಕೂತ ಹಾಗೆ, ಉಳಿದದ್ದರಲ್ಲೇ ತೃಪ್ತಿಪಡಬೇಕು. ಈ ದೇಶದವರಿಗೆ ಬೂದಿ ಬಣ್ಣವೆಂದರೆ ಪ್ರಾಣ. ಅವರೇ ಬೇಡವೆಂದು ಬಿಟ್ಟ ಬೂದಿ ಹೇಗಿರಬಹುದು, ನೀವೇ ಯೋಚಿಸಿ.

ಈ ಸಲ ಲಿಲ್ಲಿಯನ್ ಜೊತೆಗಿದ್ದಳು, ಮಗಳು ಅನಿಶಾಳನ್ನೂ ಕರೆತಂದಿದ್ದಳು. ಲಿಲ್ಲಿ ಉಡುಪಿ ಕಡೆಯವಳು, ನಮ್ಮ ಕಟ್ಟಡದಲ್ಲೇ ಮೇಲಿನ ಮಹಡಿಯ ಮನೆ. ಅವಳ ಅನಿಶಾ, ನನ್ನ ನೈನಾ ಒಂದೇ ಡಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಹೋಗಿ, ಒಂದೇ ಮರಳಿನಲ್ಲಿ ಆಡಿ ಬೆಳೆದವರು. ಗೋಡೆಗೆ ನಿಲ್ಲಿಸಿ ಗೆರೆ ಎಳೆದರೆ ಇಬ್ಬರದೂ ಒಂದೇ ಗೆರೆ.

ಬೂದಿ, ಕಂದುಗಳ ಅಡಿಯಲ್ಲಿ ಕೈಯಾಡಿಸುವಾಗ ಹಳದಿ ಸಿಕ್ಕಿತು. ಅಪ್ಪಟ ಅರಿಶಿನದ ಹಳದಿ, ನೈನಾಳ ಬಣ್ಣ. ಉಂಡೆಗಳನ್ನೆಲ್ಲ ಬಾಚಿ ಎದೆಗೊತ್ತಿಕೊಂಡು ಗಲ್ಲಾಕ್ಕೆ ಹೋದೆ.

ಅಂಗಡಿಯ ಬಿರ್ಗಿಟ್ಟಾ ಕನ್ನಡಕ ಏರಿಸಿ, "ಯಾರಿಗೆ?" ಎಂದು ಕೇಳಿದಳು.

"ಮಗಳಿಗೆ. ಎಂಟು ವರ್ಷ."

"ಎಷ್ಟು ಎತ್ತರ?"

ಇಲ್ಲಿ ಮಕ್ಕಳ ಬಟ್ಟೆಗೆ ವಯಸ್ಸು ಯಾರಿಗೂ ಬೇಡ, ಎತ್ತರ ಬೇಕು, ಅದೂ ಸೆಂಟಿಮೀಟರಿನಲ್ಲಿ. ಹೆತ್ತವಳಾದವಳು ಥಟ್ಟನೆ ಹೇಳಬೇಕು. ನನಗೆ ಗೊತ್ತಿರಲಿಲ್ಲ.

ಗೊತ್ತಿರುವುದಾದರೂ ಹೇಗೆ. ಎರಡು ಬೇಸಿಗೆಯ ಹಿಂದೆ ಅವಳ ಅಪ್ಪ ಸಂಕೇತ್ ಅವಳನ್ನು ರಜೆಗೆಂದು ಬೆಂಗಳೂರಿಗೆ ಕರೆದುಕೊಂಡು ಹೋದ. ನಾನೇ ಏರ್‌ಪೋರ್ಟಿಗೆ ಹೋಗಿ, ದಾರಿಗೆ ಚಕ್ಕುಲಿ ಕಟ್ಟಿಕೊಟ್ಟು ಕಳಿಸಿದೆ. ರಜೆ ಮುಗಿಯುವ ಹೊತ್ತಿಗೆ ಮೆಸೇಜು ಬಂತು: ಇಲ್ಲೇ ಸ್ಕೂಲಿಗೆ ಸೇರಿಸಿದ್ದೀನಿ. ನಮ್ಮಿಬ್ಬರ ಜಗಳ ಏನಿತ್ತೋ ಇರಲಿ, ಅದಕ್ಕೆ ಮಗುವನ್ನು ಎತ್ತಿಕೊಂಡು ಹೋಗುವುದು ಯಾವ ಸೀಮೆಯ ನ್ಯಾಯ. ಕೋರ್ಟಿನಲ್ಲಿ ಕೇಸು ನಡೆದಿದೆ, ನಡೆಯುತ್ತಲೇ ಇದೆ. ನನಗೆ ಸಿಗುವುದು ವಾರಕ್ಕೊಂದು ವಿಡಿಯೋ ಕಾಲ್, ಅದರಲ್ಲಿ ಒಂದು ಮುಖ. ಮುಖದಿಂದ ಸ್ವೆಟರಿನ ಅಳತೆ ತೆಗೆಯಲು ಬರುವುದಿಲ್ಲ.

"ಅನಿಶಾ ಅಳತೆಗೇ ಹಾಕಿಬಿಡು," ಎಂದಳು ಲಿಲ್ಲಿ ಮೆಲ್ಲಗೆ. "ಯಾವಾಗ್ಲೂ ಹಾಗೇ ಅಲ್ವಾ ಮಾಡೋದು."

ಹೌದು, ಯಾವಾಗಲೂ ಹಾಗೆಯೇ. ಅನಿಶಾಳನ್ನು ಕರೆದರೆ, "ಓಕೆ, ವರ್ಷಾ ಆಂಟಿ" ಎಂದು ಬೆನ್ನು ತಿರುಗಿಸಿ ಕೈ ಚಾಚಿ ನಿಂತಳು. ಆ ಮಗುವಿಗೂ ಅಭ್ಯಾಸವಾಗಿದೆ. ಟೇಪು ಹಿಡಿದಾಗ ಅವಳ ಬೆನ್ನು ಬೆಚ್ಚಗಿತ್ತು. ಪಾಪದ ಮಗು, ಆದರೂ ಹೊಟ್ಟೆ ಉರಿಯಿತು. ಇದು ನನ್ನ ಕಣ್ಣೆದುರು ಬೆಳೆಯುತ್ತಿದೆ, ನನ್ನದು ಮಾತ್ರ ಎಲ್ಲೋ ಬೆಳೆಯುತ್ತಿದೆ.

ಬಿರ್ಗಿಟ್ಟಾ ಅಳತೆ ನೋಡಿ ಕೇಳಿದಳು: "ಈಗಲೇ ಹಾಕಿಕೊಳ್ಳುವುದಕ್ಕೋ, ಮುಂದಕ್ಕೋ?"

"ಒಂದು ಸೈಜು ದೊಡ್ಡದೇ ಇರಲಿ," ಎಂದೆ. "ಬೆಳೆಯುವ ಮಗು."

ಇದು ನನ್ನ ಅಮ್ಮನ ಮಾತು. ಚಿಕ್ಕಪೇಟೆಯ ಅಂಗಡಿಗಳಲ್ಲಿ ಈ ಮಾತು ಹೇಳಿ ಹೇಳಿ, ನನ್ನ ಯಾವ ಫ್ರಾಕೂ ಮೊದಲ ವರ್ಷ ಮೈಗೆ ಕೂತದ್ದಿಲ್ಲ. ಹಾಗೆಂದೇ ಮೊದಲ ಚಳಿಗಾಲದ ಕೆಂಪು ಸ್ವೆಟರನ್ನೂ ಆಮೇಲಿನ ಹಸಿರು ಸ್ವೆಟರನ್ನೂ ಒಂದೊಂದು ಸೈಜು ದೊಡ್ಡದಾಗಿ ಹೆಣೆದೆ, ನೈನಾ ವಾಪಸು ಬರುವ ಹೊತ್ತಿಗೆ ಸರಿಹೋಗಲಿ ಎಂದು. ಎರಡೂ ಬೀರುವಿನಲ್ಲಿವೆ. ಎರಡರಲ್ಲೂ ಈಗ ಅನಿಶಾಳ ತಲೆಯೇ ತೂರುವುದಿಲ್ಲ.

"ಈ ಸಲ ಪೋಸ್ಟ್ ಮಾಡಿಬಿಡು ಮಾರಾಯ್ತಿ," ಎಂದಳು ಲಿಲ್ಲಿ ರೈಲಿನಲ್ಲಿ. ಬೇಜಾರಾದಾಗ ಅವಳ ಊರಿನ ಕನ್ನಡ ಹೊರಗೆ ಬರುತ್ತದೆ. "ಬೆಂಗಳೂರಲ್ಲೂ ಚಳಿ ಉಂಟಲ್ಲ."

"ಅವಳೇ ಬರ್ತಾಳೆ ಲಿಲ್ಲಿ. ಬಂದಾಗ ಹಾಕ್ಕೊಳ್ತಾಳೆ."

ಪೋಸ್ಟ್ ಮಾಡಿದರೆ ಅವಳ ಮನೆ ಅಲ್ಲೇ ಎಂದು ನಾನೇ ರುಜು ಹಾಕಿಕೊಟ್ಟ ಹಾಗೆ. ಮೊಂಡಿ ಎನ್ನಿ, ಹುಚ್ಚಿ ಎನ್ನಿ, ನನ್ನ ಕೈಲಿ ಆಗಲಿಲ್ಲ.

ಆಫೀಸಿಗೆ ಹೋಗುವಾಗ ಮೆಟ್ರೋದಲ್ಲಿ ಹೆಣೆದೆ, ಫೀಕಾಕ್ಕೆ ಎಲ್ಲರೂ ಕಾಫಿ ಹಿಡಿದು ಹರಟುವಾಗ ಹೆಣೆದೆ. ಹೆಣಿಗೆ ಮುಗಿದ ಭಾನುವಾರ ಕಾಲ್ ಬಂದಾಗ ತಡೆಯಲಾಗದೆ ಸ್ವೆಟರನ್ನು ಫೋನಿನ ಮುಂದೆ ಹಿಡಿದೆ.

"ನೋಡು ಪುಟ್ಟಿ, ಹಳದಿ. ನಿಂಗೆ."

"ನೈಸ್," ಎಂದಳು ನೈನಾ. ಕಣ್ಣು ಪಕ್ಕದ ಟಿವಿಯ ಮೇಲಿತ್ತು.

"ಒಂದ್ಸಲ ಎದ್ದು ನಿಂತ್ಕೋ ಬಂಗಾರ. ಎಷ್ಟುದ್ದ ಆಗಿದೀಯ ನೋಡ್ತೀನಿ."

ಎದ್ದು ನಿಂತಳು. ತಲೆ ಪರದೆಯ ಆಚೆ ಹೋಯಿತು. ಹೊಟ್ಟೆ, ಕೈ, ಗುರುತಿಲ್ಲದ ಒಂದು ಫ್ರಾಕು. ಅಷ್ಟೇ ನೋಡಲು ಸಿಕ್ಕಿದ್ದು. ಅವಳು ಮತ್ತೆ ಕೂತಾಗ ಹಿಂದಿನಿಂದ ಸಂಕೇತನ ಅಮ್ಮನ ದನಿ ಕೇಳಿತು: "ಥ್ಯಾಂಕ್ಯೂ ಹೇಳು ಪುಟ್ಟ, ಎಷ್ಟು ಚೆನ್ನಾಗಿ ಹೆಣೆದಿದಾರೆ."

"ಥ್ಯಾಂಕ್ಯೂ, ಆಂಟಿ."

ಅದರಲ್ಲಿ ಕೆಟ್ಟತನವಿರಲಿಲ್ಲ. ಹುಟ್ಟುಹಬ್ಬಕ್ಕೆ ಪೊಟ್ಟಣ ಹಿಡಿದು ಬರುವ ಎಲ್ಲ ಹೆಂಗಸರಿಗೂ ನಮ್ಮ ಮಕ್ಕಳು ಹೇಳುವ ಮಾತು ಅದೇ, ನಾನೇ ಕಲಿಸಿದ್ದು. ಅಲ್ಲಿ ಯಾರೂ ತಿದ್ದಲಿಲ್ಲ. "ಚೆನ್ನಾಗಿರು ಪುಟ್ಟಿ," ಎಂದೆ. ಕಾಲ್ ಮುಗಿಯಿತು.

ಸ್ವೆಟರನ್ನು ಲಿಲ್ಲಿಯ ಮನೆಗೆ ಒಯ್ದು ಅನಿಶಾಳ ಕೈಗೆ ಕೊಟ್ಟೆ. ಲಿಲ್ಲಿ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಹೇಳಿದೆ. ಮಕ್ಕಳ ಬಾಯಿ, ಅಭ್ಯಾಸಬಲ ಎಂದು ಏನೋ ಹೇಳಲು ಹೋಗಿ ಅವಳೇ ಅತ್ತುಬಿಟ್ಟಳು. ನಾನೂ ಅತ್ತೆ. ಎರಡು ವರ್ಷ ವಕೀಲರ ಮೇಲೆ, ಸಂಕೇತ್ ಮೇಲೆ ಕೂಗಾಡಿದ್ದೆನೇ ಹೊರತು ಹಾಗೆ ಅತ್ತಿರಲಿಲ್ಲ.

ಮುಂದಿನ ವಾರ ಒಬ್ಬಳೇ ಉಪ್ಸಾಲಾಕ್ಕೆ ಹೋದೆ. ಮಾರಾಟದ ಕೊನೆಯ ದಿನ, ಪೆಟ್ಟಿಗೆಗಳು ಬರಿದಾಗಿದ್ದವು. ಉಳಿದಿದ್ದದ್ದು ಆ ಬೂದಿ ಬಣ್ಣವೇ, ಒಂದು ದೊಡ್ಡ ಚೀಲದ ತುಂಬ. ಚೀಲವನ್ನೇ ಎತ್ತಿ ಗಲ್ಲಾದ ಮೇಲಿಟ್ಟೆ.

"ಹಳದಿ ಸರಿಹೋಯಿತೇ?" ಎಂದು ಬಿರ್ಗಿಟ್ಟಾ ಕೇಳಿದಳು.

"ಬರುವ ವರ್ಷ ಅನಿಶಾಗೆ ಸರಿಹೋಗುತ್ತದೆ."

"ಇದು ಯಾರಿಗೆ?"

"ನನ್ನ ಮಗಳಿಗೆ."

"ಎತ್ತರ?"

ಈ ಸಲ ತಡವರಿಸಲಿಲ್ಲ. ಕೈಯನ್ನು ನನ್ನ ನೆತ್ತಿಯ ಮೇಲಿಟ್ಟು ತೋರಿಸಿದೆ.

ಬಿರ್ಗಿಟ್ಟಾ ಗೊಂದಲದಿಂದ ನೋಡಿದಳು. "ಎಂಟು ವರ್ಷ ಅಂದ ನೆನಪು."

"ಹೌದು. ಅವಳೇ ಟಿಕೆಟ್ ತೆಗೆದುಕೊಂಡು, ಅವಳೇ ನನ್ನ ಮನೆ ಹುಡುಕಿಕೊಂಡು ಬರುವ ಹೊತ್ತಿಗೆ ನನ್ನಷ್ಟು ಎತ್ತರ ಆಗಿರುತ್ತಾಳೆ."

ಬಿರ್ಗಿಟ್ಟಾ ಉಂಡೆಗಳು ಸಾಕೋ ಇಲ್ಲವೋ ಎಂದು ಚೀಲದೊಳಗೆ ಕೈಯಾಡಿಸಿ ನೋಡತೊಡಗಿದಳು.

"ಒಂದು ಸೈಜು ದೊಡ್ಡದೇ ಇರಲಿ," ಎಂದೆ.